ಒಂದೇ ಹೆಸರಿನ ಮೂವರು: ರಸಪ್ರಶ್ನೆಗೆ ಹೆಸರು ಆರಿಸುವುದು ಹೇಗೆ?

ಶಿರಸಿ_ಅಕ್ಕೋರು:

ಎಲ್ಲರಿಗೂ ನಮಸ್ಕಾರ. ನವೆಂಬರಿನಲ್ಲಿ ಶಿರಸಿಯಲ್ಲಿ ಹೈಸ್ಕೂಲು ಮಕ್ಕಳಿಗೆ ರಸಪ್ರಶ್ನೆ ಇಟ್ಟುಕೊಂಡಿದ್ದೇವೆ. ಎಂಟು ತಂಡ, ತಂಡಕ್ಕೆ ಮೂರು ಮಕ್ಕಳು. ಒಂದು ಸುತ್ತು ಪೂರ್ತಿ ಹೆಸರಿನ ಮೇಲೆ. ಒಂದೇ ಹೆಸರಿನ ಮೂವರ ಬಗ್ಗೆ ಮೂರು ಸುಳಿವು ಓದುವುದು, ಮಕ್ಕಳು ಆ ಹೆಸರು ಹೇಳುವುದು. ಮೂವರಲ್ಲಿ ಒಬ್ಬರು ಕಥೆಯ ಪಾತ್ರವಾಗಿರಬೇಕು, ಒಬ್ಬರಾದರೂ ನಮ್ಮ ಉತ್ತರ ಕನ್ನಡದವರಾಗಿರಬೇಕು ಎಂಬ ಆಸೆ.

ಪಟ್ಟಿ ಮಾಡಲು ಕೂತರೆ ತೊಡಕು ಶುರು. ಕೋಟ ಶಿವರಾಮ ಕಾರಂತ, ಬಾಲ ಗಂಗಾಧರ ತಿಲಕ, ಕೆ.ವಿ. ಸುಬ್ಬಣ್ಣ, ಈ ಮೂರರಲ್ಲಿ ಸ್ವಂತ ಹೆಸರು ಯಾವ ಜಾಗದಲ್ಲಿದೆ ಎಂದು ಮಕ್ಕಳಿಗೆ ಒಂದೇ ನಿಯಮದಲ್ಲಿ ಹೇಳುವುದು ಹೇಗೆ? ಪುರಾಣದವರನ್ನು ಕಾಲ್ಪನಿಕ ಎಂದು ಸೇರಿಸಬಹುದೇ? ಎಷ್ಟು ಪ್ರಶ್ನೆ ಬೇಕು, ಅಂಕ ಹೇಗೆ ಕೊಡುವುದು? ಸಿದ್ಧ ಪ್ರಶ್ನೆಗಳಿದ್ದರೆ ಅವನ್ನೂ ಹಾಕಿ.

ಕುಮಟಾ_ಮಾಸ್ತರು:

ಅಕ್ಕೋರೆ, ಈ ಸುತ್ತು ಕೆಡುವುದು ಹೆಚ್ಚಾಗಿ ನೀವು ಕೇಳಿದ ಮೊದಲ ಸಂಗತಿಯಲ್ಲೇ. ನಮ್ಮ ಜಿಲ್ಲೆಯಲ್ಲಿ ಎರಡು ಪದ್ಧತಿಗಳು ಕೂಡುತ್ತವೆ. ಘಟ್ಟದ ಮೇಲೂ ಹೊನ್ನಾವರದ ಕಡೆಗೂ ಊರು ಅಥವಾ ಮನೆತನದ ಹೆಸರು ಮುಂದೆ, ಸ್ವಂತ ಹೆಸರು ನಡುವೆ, ಅಡ್ಡಹೆಸರು ಕೊನೆಗೆ. ಕೆರೆಮನೆ ಶಿವರಾಮ ಹೆಗಡೆ, ಕೋಟ ಶಿವರಾಮ ಕಾರಂತ ಎರಡೂ ಹೀಗೆಯೇ. ಕಾರವಾರದ ಕೊಂಕಣಿ, ಮರಾಠಿ ಮನೆಗಳಲ್ಲಿ ಸ್ವಂತ ಹೆಸರೇ ಮೊದಲು, ಆಮೇಲೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಹಾಗಾಗಿ ‘ನಡುವಿನದು’ ಅಥವಾ ‘ಮೊದಲಿನದು’ ಎಂಬ ನಿಯಮ ನಡೆಯುವುದಿಲ್ಲ. ಮಕ್ಕಳಿಗೆ ಹೇಳಬೇಕಾದ್ದು ಇಷ್ಟೇ: ತೊಟ್ಟಿಲಲ್ಲಿ ಇಟ್ಟ ಹೆಸರು. ಜಾಗ ಯಾವುದಾದರೂ ಇರಲಿ.

ಈ ನಿಯಮ ಇಟ್ಟುಕೊಂಡರೆ ಎಲ್ಲಿ ಎಡವುತ್ತೇವೆ ಎಂಬುದು ತಾನಾಗಿ ಕಾಣುತ್ತದೆ. ತಿಲಕರನ್ನು ‘ಗಂಗಾಧರ’ ಎಂಬ ಉತ್ತರಕ್ಕೆ ಸೇರಿಸುವ ಹಾಗಿಲ್ಲ. ಗಂಗಾಧರ ಅವರ ತಂದೆ. ಅವರಿಗಿಟ್ಟ ಹೆಸರು ಕೇಶವ, ಕರೆಯುತ್ತಿದ್ದುದು ಬಾಳ. ಇದಕ್ಕೆ ವಿರುದ್ಧವಾದದ್ದು ರಾಜಗುರು. ಭಗತ್ ಸಿಂಗ್, ಸುಖದೇವ್ ಜೊತೆ 1931ರ ಮಾರ್ಚ್ 23ರಂದು ಗಲ್ಲಿಗೇರಿದವರನ್ನು ನಾವು ರಾಜಗುರು ಎಂದೇ ಕರೆಯುವುದು, ಆದರೆ ಅದು ಅಡ್ಡಹೆಸರು. ಪೂರ್ಣ ಹೆಸರು ಶಿವರಾಮ ಹರಿ ರಾಜಗುರು. ಇದರಿಂದ ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ. ಮೊದಲ ಸುಳಿವು ರಾಜಗುರು, ಎರಡನೆಯದು 1934ರಲ್ಲಿ ಹೊನ್ನಾವರ ತಾಲ್ಲೂಕಿನಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ ಕೆರೆಮನೆಯವರು, ಮೂರನೆಯದು 1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರು. ಶಿವರಾಮ. ಮೂವರೂ ನಿಜದವರು, ಕಥೆಯ ಪಾತ್ರ ಇಲ್ಲ. ಆದರೂ ಬಿಡಬೇಡಿ. ಪ್ರತಿ ಪ್ರಶ್ನೆಯಲ್ಲೂ ಊರಿನವರೊಬ್ಬರು, ಕಥೆಯವರೊಬ್ಬರು ಬೇಕೇ ಬೇಕು ಎಂದು ಹಟ ಹಿಡಿದರೆ ಎಳೆದು ತಂದ ಸುಳಿವುಗಳು ಸೇರಿಕೊಳ್ಳುತ್ತವೆ. ಸುತ್ತು ಒಟ್ಟಾಗಿ ನೋಡಿದಾಗ ಎರಡೂ ಇದ್ದರೆ ಸಾಕು.

ಇನಿಷಿಯಲ್ ಇರುವವರಲ್ಲಿ ಸ್ವಂತ ಹೆಸರು ಸಾಮಾನ್ಯವಾಗಿ ಕೊನೆಗೇ. ಕೆ.ವಿ. ಸುಬ್ಬಣ್ಣ ಎಂದರೆ ಕುಂಟಗೋಡು ವಿಭೂತಿ ಸುಬ್ಬಣ್ಣ. ವಿಜ್ಞಾನಿ ಎಸ್. ಚಂದ್ರಶೇಖರ್ ಅವರ ‘ಎಸ್’ ಸುಬ್ರಹ್ಮಣ್ಯನ್, ಅದು ತಂದೆಯ ಹೆಸರು. ಹೊರದೇಶದ ಪುಸ್ತಕಗಳು ಚಂದ್ರಶೇಖರ್ ಎಂಬುದನ್ನು ಅಡ್ಡಹೆಸರಿನ ಜಾಗದಲ್ಲಿ ಹಾಕುತ್ತವೆ, ಆದರೆ ಅದೇ ಅವರ ಸ್ವಂತ ಹೆಸರು. ಅವರ ಚಿಕ್ಕಪ್ಪ ಸಿ.ವಿ. ರಾಮನ್ ಅವರ ‘ಸಿ’ ಕೂಡ ಚಂದ್ರಶೇಖರವೇ, ಆದರೆ ಅಲ್ಲಿ ಅದು ರಾಮನ್ ಅವರ ತಂದೆಯ ಹೆಸರು. ಒಂದೇ ಮನೆತನದಲ್ಲಿ ಒಬ್ಬರು ಸೇರುತ್ತಾರೆ, ಇನ್ನೊಬ್ಬರು ಸೇರುವುದಿಲ್ಲ.

ಕಾಳಿತೀರ_ಕಾರವಾರ:

ಮಾಸ್ತರರು ಹೇಳಿದ ಚಂದ್ರಶೇಖರ ಈ ಸುತ್ತಿಗೆ ಬಹಳ ಸಮೃದ್ಧ ಹೆಸರು. ಬಂಕಿಮಚಂದ್ರರ ಕಾದಂಬರಿಯೊಂದರ ಮುಖ್ಯ ಪಾತ್ರವೊಂದರ ಹೆಸರೇ ಅದು, ಕಾದಂಬರಿಯ ಹೆಸರೂ ಅದೇ. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಗೆಲ್ಲಿಸಿದ ಮೈಸೂರಿನ ಬೌಲರ್ ಇದ್ದಾರೆ. ನಕ್ಷತ್ರಗಳ ಕೊನೆಗಾಲದ ಲೆಕ್ಕಕ್ಕೆ 1983ರ ನೊಬೆಲ್ ಪಡೆದವರಿದ್ದಾರೆ. ಆಜಾದ್ ಇದ್ದಾರೆ, ಮಾಜಿ ಪ್ರಧಾನಿ ಇದ್ದಾರೆ, ಕಂಬಾರರು ಇದ್ದಾರೆ. ಇಷ್ಟು ಜನ ಸಿಕ್ಕಾಗ ಮೂವರನ್ನೇ ಆರಿಸಿ, ಉಳಿದವರನ್ನು ಉತ್ತರ ಹೇಳಿದ ಮೇಲಿನ ವಿವರಣೆಗೆ ಇಟ್ಟುಕೊಳ್ಳಿ. ಆರು ಸುಳಿವು ಓದಿದರೆ ಮಕ್ಕಳಿಗೆ ಮೊದಲನೆಯದು ಮರೆತಿರುತ್ತದೆ.

ಸುಳಿವಿನ ಕ್ರಮ ಮುಖ್ಯ. ಕಷ್ಟದ್ದು ಮೊದಲು, ಊರಿನವರಿಗೆ ಥಟ್ಟನೆ ಹೊಳೆಯುವುದು ಕೊನೆಗೆ. ಜಯಂತ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಗೋಕರ್ಣದ ಕತೆಗಾರ, ಚಿತ್ರಗೀತೆ ಬರೆಯುವವರು ಎಂದು ಮೊದಲೇ ಓದಿದರೆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಆದ್ದರಿಂದ ಹೀಗೆ: ಮೊದಲು ಕಾಶ್ಮೀರದಲ್ಲಿ ‘ನ್ಯಾಯಮಂಜರಿ’ ಬರೆದ ತಾರ್ಕಿಕ, ಆಮೇಲೆ ಫ್ರೆಡ್ ಹಾಯ್ಲ್ ಜೊತೆ ಗುರುತ್ವದ ಸಿದ್ಧಾಂತ ಮಂಡಿಸಿದ, ಮರಾಠಿಯಲ್ಲಿ ವಿಜ್ಞಾನ ಕತೆಗಳನ್ನೂ ಬರೆದ ಖಗೋಳ ವಿಜ್ಞಾನಿ, ಅಂದರೆ ನಾರ್ಳಿಕರ್, ಕೊನೆಗೆ ಕಾಯ್ಕಿಣಿ. ಕಥೆಯ ಪಾತ್ರ ಬೇಕೆಂದರೆ ಹೇಮೇಂದ್ರಕುಮಾರ್ ರಾಯ್ ಅವರ ಬಂಗಾಳಿ ಪತ್ತೇದಾರಿ ಕತೆಗಳ ಜಯಂತ–ಮಾಣಿಕ್ ಜೋಡಿಯಲ್ಲಿ ಮೊದಲನೆಯವನು. ನಮ್ಮ ಮಕ್ಕಳಿಗೆ ಅದು ಗೊತ್ತಿರುವುದಿಲ್ಲ, ಹಾಗಾಗಿ ಮೊದಲ ಸುಳಿವಾಗಿ ಮಾತ್ರ ಸರಿ.

ಗಂಗಾಧರಕ್ಕೆ ತಿಲಕರನ್ನು ಬಿಟ್ಟರೂ ಬೇಕಾದಷ್ಟು ಜನ ಇದ್ದಾರೆ. ಒಡಿಯಾ ಕವಿ ಮೆಹೆರ್. ಝಾನ್ಸಿಯ ದೊರೆ, 1853ರಲ್ಲಿ ಅವರು ತೀರಿಕೊಂಡ ಮೇಲೆ ದತ್ತುಮಗನನ್ನು ಒಪ್ಪದೆ ಬ್ರಿಟಿಷರು ರಾಜ್ಯ ಕಿತ್ತುಕೊಂಡರು. ಕುಮಟಾ ತಾಲ್ಲೂಕಿನ ಹನೇಹಳ್ಳಿಯ ಕವಿ ಚಿತ್ತಾಲ. ಪಾತ್ರ ಬೇಕೆಂದರೆ 1997ರಿಂದ ದೂರದರ್ಶನದಲ್ಲಿ ಬಂದ ‘ಶಕ್ತಿಮಾನ್’ ಮನುಷ್ಯ ರೂಪದಲ್ಲಿದ್ದಾಗ ಪತ್ರಿಕೆಯೊಂದರ ಫೋಟೋಗ್ರಾಫರ್ ಪಂಡಿತ ಗಂಗಾಧರ. ಇದು ಮಕ್ಕಳಿಗಿಂತ ಅವರ ಅಪ್ಪ ಅಮ್ಮಂದಿರಿಗೆ ಬೇಗ ಹೊಳೆಯುತ್ತದೆ, ಸಭಿಕರಿಗೆಂದು ಇಟ್ಟರೆ ಚೆನ್ನ. ಒಂದು ಎಚ್ಚರಿಕೆ: ಗಂಗಾಧರ ಚಿತ್ತಾಲರ ತಮ್ಮ ಯಶವಂತ ಚಿತ್ತಾಲರು. ಇಬ್ಬರನ್ನೂ ಒಂದೇ ಸುತ್ತಿಗೆ ಹಾಕಬೇಡಿ. ಒಬ್ಬರ ಉತ್ತರ ಬಂದ ಮೇಲೆ ಹನೇಹಳ್ಳಿ ಎಂದು ಕಿವಿಗೆ ಬಿದ್ದರೆ ಇನ್ನೊಬ್ಬರು ತಾನೇ ಬಂದುಬಿಡುತ್ತಾರೆ.

ಯಶವಂತವನ್ನು ಬೇರೆ ವರ್ಷಕ್ಕೆ ಎತ್ತಿಡಿ, ಏಕೆಂದರೆ ಅದರ ಸುಳಿವುಗಳು ತುಂಬ ಚಂದ ಕೂಡುತ್ತವೆ. ಮಹಾರಾಷ್ಟ್ರದ ಮೊದಲ ಮುಖ್ಯಮಂತ್ರಿ, ಹಿಮಾಚಲ ಪ್ರದೇಶದ ಮೊದಲ ಮುಖ್ಯಮಂತ್ರಿ, ಇಬ್ಬರೂ ಯಶವಂತರೇ. ಚವಾಣ್ ಒಬ್ಬರು, ಪರ್ಮಾರ್ ಇನ್ನೊಬ್ಬರು.

ಅಂಕದ ಬಗ್ಗೆ. ತಂಡಕ್ಕೊಂದು ನೇರ ಪ್ರಶ್ನೆ ಎಂದು ಹಂಚಬೇಡಿ. ಈ ಬಗೆಯ ಪ್ರಶ್ನೆಗಳಲ್ಲಿ ಒಂದು ಸುಲಭ, ಇನ್ನೊಂದು ಕಠಿಣ ಆಗಿಯೇ ಆಗುತ್ತದೆ, ಆಗ ತಕರಾರು ಏಳುತ್ತದೆ. ಎಲ್ಲ ತಂಡಗಳೂ ಒಟ್ಟಿಗೆ ಚೀಟಿಯಲ್ಲಿ ಬರೆಯಲಿ. ಪ್ರಶ್ನೆಗೆ ಒಂದು ತಂಡಕ್ಕೆ ಒಂದೇ ಚೀಟಿ. ಯಾವ ಸುಳಿವಿನ ನಂತರ ಬೇಕಾದರೂ ಕೊಡಬಹುದು, ಕೊಟ್ಟ ಮೇಲೆ ಬದಲಿಸುವಂತಿಲ್ಲ. ಮೊದಲ ಸುಳಿವಿಗೆ ಸರಿಯಾದರೆ 15, ಎರಡನೆಯದಕ್ಕೆ 10, ಮೂರನೆಯದಕ್ಕೆ 5. ಸುಳಿವಿನ ನಡುವೆ 20 ಸೆಕೆಂಡು. ಎಂಟು ಪ್ರಶ್ನೆಗೆ 64 ಚೀಟಿ ಬೇಕು, ತಂಡದ ಸಂಖ್ಯೆಯನ್ನೂ ಪ್ರಶ್ನೆಯ ಸಂಖ್ಯೆಯನ್ನೂ ಮೊದಲೇ ಬರೆದಿಡಿ. ಚೀಟಿ ಎತ್ತಲು ಇಬ್ಬರು ಸಾಕು, ಆದರೆ ಸುಳಿವಿನ ಪ್ರಕಾರ ಮೂರು ಡಬ್ಬಿ ಬೇರೆ ಬೇರೆ ಇರಲಿ. ಒಂದೇ ಡಬ್ಬಿಗೆ ಹಾಕಿದರೆ ಯಾರು ಯಾವಾಗ ಕೊಟ್ಟರು ಎಂಬುದು ಕಲಸಿಹೋಗುತ್ತದೆ. ಎಂಟರ ಜೊತೆ ಎರಡು ಹೆಚ್ಚಿನವು, ಅಂಕ ಸಮವಾದರೆ ಕೇಳಲು ಒಂದು, ಒಟ್ಟು ಹನ್ನೊಂದು ಪ್ರಶ್ನೆ ತಯಾರಿಟ್ಟುಕೊಳ್ಳಿ.

ಹೊನ್ನಾವರ_ಓದುಗ:

ಪುರಾಣದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಅಕ್ಕೋರೆ, ‘ಕಾಲ್ಪನಿಕ’ ಎಂಬ ಪದವನ್ನು ಪುರಾಣದವರಿಗೆ ಹಚ್ಚಬೇಡಿ. ನಮ್ಮ ಕಡೆ ಮಕ್ಕಳು ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದವರು, ಅವರ ಮನೆಯವರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅನಗತ್ಯವಾಗಿ ನೋಯಿಸಿದಂತಾಗುತ್ತದೆ. ‘ಚರಿತ್ರೆ, ಪುರಾಣ, ಕಥೆ’ ಎಂದು ಮೂರು ಕಂಬ, ಅಂದರೆ ಮೂರು ವಿಭಾಗ ಮಾಡಿ, ಸುಳಿವು ಓದುವ ಮೊದಲು ಕಂಬದ ಹೆಸರು ಹೇಳಿ. ಮಕ್ಕಳಿಗೂ ಹುಡುಕಲು ದಾರಿ ಸಿಗುತ್ತದೆ.

ಪುರಾಣ ಸೇರಿಸಿದರೆ ಹೆಣ್ಣುಮಕ್ಕಳ ಹೆಸರುಗಳೂ ಬರುತ್ತವೆ. ಇಲ್ಲಿಯವರೆಗೆ ಬಂದ ಹೆಸರೆಲ್ಲ ಗಂಡಸರದ್ದೇ, ಅದು ಸರಿಯಲ್ಲ. ಉಷಾ ನೋಡಿ. ಚರಿತ್ರೆ: 1942ರ ಚಳವಳಿಯಲ್ಲಿ ಮುಂಬಯಿಯಿಂದ ಗುಪ್ತವಾಗಿ ಕಾಂಗ್ರೆಸ್ ರೇಡಿಯೊ ನಡೆಸಿದ ಮೆಹ್ತಾ. ಪುರಾಣ: ಬಾಣಾಸುರನ ಮಗಳು, ಕನಸಿನಲ್ಲಿ ಅನಿರುದ್ಧನನ್ನು ಕಂಡು, ಗೆಳತಿ ಚಿತ್ರಲೇಖೆ ಬರೆದ ಚಿತ್ರಗಳಲ್ಲಿ ಅವನನ್ನು ಗುರುತಿಸಿದವಳು. ಕೊನೆಗೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸಿನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿದ ಓಟಗಾರ್ತಿ. ಉಷೆ ಎಂದು ಬರೆದರೂ ಒಪ್ಪಿಕೊಳ್ಳಿ. ಶಕುಂತಲಾ ಕೂಡ ಸುಲಭವಾಗಿ ಕೂಡುತ್ತದೆ: ದುಷ್ಯಂತನ ಉಂಗುರ ಕಳೆದುಕೊಂಡವಳು ಒಬ್ಬಳು, ಬೆಂಗಳೂರಿನಲ್ಲಿ ಹುಟ್ಟಿ ಮಾನವ ಕಂಪ್ಯೂಟರ್ ಎನಿಸಿಕೊಂಡವರು ಇನ್ನೊಬ್ಬರು.

ಈ ಎರಡು ಸಾಲುಗಳಲ್ಲೇ ಒಂದು ದೋಷ ಇದೆ, ಗಮನಿಸಿ. ‘ಕಳೆದುಕೊಂಡವಳು’ ಎಂದರೆ ಪುರಾಣ, ‘ಎನಿಸಿಕೊಂಡವರು’ ಎಂದರೆ ನಿಜದವರು. ನಾವು ಪಾತ್ರಗಳಿಗೆ ಏಕವಚನ, ಹಿರಿಯರಿಗೆ ಬಹುವಚನ ಬಳಸುವುದರಿಂದ ಕ್ರಿಯಾಪದವೇ ಉತ್ತರದ ಅರ್ಧ ಹೇಳಿಬಿಡುತ್ತದೆ. ಏಕವಚನ ಗಂಡೋ ಹೆಣ್ಣೋ ಎಂಬುದನ್ನೂ ಬಿಟ್ಟುಕೊಡುತ್ತದೆ. ವೇದಿಕೆಯಲ್ಲಿ ಓದುವ ಪ್ರತಿ ಸುಳಿವಿನಲ್ಲೂ ‘ಇವರು’ ಎಂದೇ ಬರೆದುಕೊಳ್ಳಿ. ಮಗಳು, ಓಟಗಾರ್ತಿ ಎಂಬ ಪದಗಳನ್ನು ತಪ್ಪಿಸಿ ‘ಬಾಣಾಸುರನ ಸಂತಾನ’, ‘ಓಟದಲ್ಲಿ ನಾಲ್ಕನೆಯವರು’ ಎನ್ನಿ. ಆಗ ಮೂರನೆಯ ಸುಳಿವಿನವರೆಗೂ ಕುತೂಹಲ ಉಳಿಯುತ್ತದೆ.

ಭೀಮಸೇನ ಹೆಸರಿಗೂ ಸಿದ್ಧತೆ ಬೇಕು. ಕಠ್ಮಂಡುವಿನ ಧರಹರಾ ಗೋಪುರ ಕಟ್ಟಿಸಿದ ನೇಪಾಳದ ಥಾಪಾ, ಸೌಗಂಧಿಕಾ ಪುಷ್ಪ ತರಲು ಹೋಗಿ ಹನುಮಂತನ ಬಾಲ ಎತ್ತಲಾರದೆ ಸೋತ ಪಾಂಡವ, ಗದಗಿನ ಗಾಯಕ ಜೋಶಿ. ತೊಂದರೆ ಬರುವುದು ಎರಡನೆಯದರಲ್ಲಿ. ಮಕ್ಕಳು ‘ಭೀಮ’ ಎಂದು ಬರೆದು ಕೊಡುತ್ತಾರೆ. ಮೂವರಿಗೂ ಹೊಂದುವುದು ಪೂರ್ಣ ರೂಪ ಮಾತ್ರ. ಅದಕ್ಕೆ ಅರ್ಧ ಅಂಕವೋ, ಪೂರ್ಣವೋ, ಸೊನ್ನೆಯೋ ಎಂದು ಸುತ್ತಿನ ಆರಂಭದಲ್ಲೇ ಸಾರಿಬಿಡಿ. ನನ್ನ ಅಭಿಪ್ರಾಯದಲ್ಲಿ ಸೊನ್ನೆಯೇ ಸರಿ. ಹೆಸರಿನ ಸುತ್ತಿನಲ್ಲಿ ಹೆಸರು ಪೂರ್ತಿ ಇರಲೇಬೇಕು.

ಮಾಸ್ತರರ ತೊಟ್ಟಿಲ ನಿಯಮವನ್ನು ಮಾತ್ರ ಒಪ್ಪಲಾರೆ. ರಾಮಕೃಷ್ಣ ಎಂಬ ಹೆಸರಿಗೆ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ಹೆಗಡೆಯವರು ಇದ್ದಾರೆ, 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ ಆದವರು. ತೆನಾಲಿ ರಾಮಕೃಷ್ಣ ಇದ್ದಾನೆ. ಮೂರನೆಯವರು ಪರಮಹಂಸರಲ್ಲದೆ ಇನ್ಯಾರು? ಅವರಿಗಿಟ್ಟ ಹೆಸರು ಗದಾಧರ ಎಂದು ಅವರನ್ನು ಬಿಟ್ಟರೆ ಪ್ರಶ್ನೆಯೇ ಬಡವಾಗುತ್ತದೆ.

ಕುಮಟಾ_ಮಾಸ್ತರು:

ಓದುಗರೇ, ಕ್ರಿಯಾಪದದ ಮಾತು ಬಹಳ ಸರಿ, ನಾನು ಅದನ್ನು ಪ್ರಶ್ನೆಪತ್ರಿಕೆಯ ಮೊದಲ ಸಾಲಿನಲ್ಲೇ ಬರೆಸುತ್ತೇನೆ. ಪರಮಹಂಸರ ವಿಷಯದಲ್ಲಿ ಮಾತ್ರ ಬಾಗಿಲು ತೆರೆದರೆ ಮುಚ್ಚುವುದು ಕಷ್ಟ. ಹಿಂದಿ ಕವಿ ರಾಮ್‌ಧಾರಿ ಸಿಂಗ್ ತಮಗಿಟ್ಟುಕೊಂಡ ಕಾವ್ಯನಾಮ ‘ದಿನಕರ್’. ಅಂಕೋಲೆಯ ಚುಟುಕು ಕವಿ ದಿನಕರ ದೇಸಾಯಿಯವರದು ಇಟ್ಟ ಹೆಸರು. ಇಬ್ಬರನ್ನೂ ಒಂದು ಉತ್ತರಕ್ಕೆ ಕಟ್ಟಿದರೆ ನಾಳೆ ಯಾರಾದರೂ ಪ್ರೇಮಚಂದ್, ಜಾದೂಗಾರ ಹುಡಿನಿ ಎಲ್ಲರನ್ನೂ ತರುತ್ತಾರೆ. ನಡುವಿನ ದಾರಿ ಹೀಗೆ ಇರಬಹುದು: ಸನ್ಯಾಸದ, ದೀಕ್ಷೆಯ ಹೆಸರು ಒಪ್ಪಿಗೆ, ಏಕೆಂದರೆ ಆ ಮೇಲೆ ಆ ವ್ಯಕ್ತಿಗೆ ಬೇರೆ ಹೆಸರೇ ಬಳಕೆಯಲ್ಲಿ ಇರುವುದಿಲ್ಲ. ಕಾವ್ಯನಾಮ, ಬಿರುದು, ರಂಗದ ಹೆಸರು ಬೇಡ. ಇದನ್ನು ಸುತ್ತಿನ ಮೊದಲೇ ಓದಿ ಹೇಳಿದರೆ ಪರಮಹಂಸರೂ ಉಳಿಯುತ್ತಾರೆ, ಗೊಂದಲವೂ ಇಲ್ಲ.

ತೆನಾಲಿ ರಾಮಕೃಷ್ಣನನ್ನು ಯಾವ ಕಂಬಕ್ಕೆ ಹಾಕುತ್ತೀರಿ ಎಂಬುದು ಸುಳಿವಿನ ಮೇಲೆ ನಿಂತಿದೆ. ತೆಲುಗಿನಲ್ಲಿ ‘ಪಾಂಡುರಂಗ ಮಾಹಾತ್ಮ್ಯಮು’ ಬರೆದ ಕವಿ ಎಂದರೆ ಚರಿತ್ರೆ. ಬಿಸಿ ಹಾಲು ಕುಡಿಸಿ ಬೆಕ್ಕಿಗೆ ಹಾಲಿನ ಭಯ ಹುಟ್ಟಿಸಿದ ವಿಕಟಕವಿ ಎಂದರೆ ಕಥೆ. ಎರಡನ್ನೂ ಒಂದೇ ಸುಳಿವಿನಲ್ಲಿ ಬೆರೆಸಿ ‘ಚರಿತ್ರೆ’ ಎನ್ನಬೇಡಿ.

ನಿಜ ಮತ್ತು ಕಥೆ ಎರಡೂ ಚೆನ್ನಾಗಿ ಕೂಡುವ ಅಪ್ಪಟ ಕನ್ನಡದ ಹೆಸರು ಬೇಕೆಂದರೆ ಸುಬ್ಬಣ್ಣ. ನಮ್ಮ ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಸ್ಥೆ ಕಟ್ಟಿ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ‘ಕಾಡು ಕುದುರೆ ಓಡಿ ಬಂದಿತ್ತಾ’ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗದ ಗಾಯಕ. ಮಾಸ್ತಿಯವರ ನೀಳ್ಗತೆಯ ಸಂಗೀತಗಾರ. ಇಲ್ಲಿ ಎಚ್ಚರ ಬೇಕಾದ್ದು: ಗಾಯಕರೂ ಹಾಡುಗಾರರು, ಮಾಸ್ತಿಯವರ ಪಾತ್ರವೂ ಸಂಗೀತದವನು. ಕಂಬದ ಹೆಸರು ಹೇಳದೆ ‘ಸಂಗೀತವೇ ಬದುಕಾಗಿದ್ದವರು’ ಎಂದು ಓದಿದರೆ ಯಾರ ಸುಳಿವು ಎಂದು ತೀರ್ಪುಗಾರರಿಗೇ ತಿಳಿಯದು.

ವರ್ಷವನ್ನೇ ಸುಳಿವಾಗಿ ನೆಚ್ಚಬೇಡಿ. ಪ್ರಶಸ್ತಿಯ ವರ್ಷ ಬೇರೆ, ಪ್ರಕಟಿಸಿದ ವರ್ಷ ಬೇರೆ ಇರುತ್ತದೆ. ಕಂಬಾರರ ಜ್ಞಾನಪೀಠ 2010ರ ಸಾಲಿನದು, ಪ್ರಕಟವಾದದ್ದು 2011ರಲ್ಲಿ. ಇಂಥದ್ದನ್ನು ಹಿಡಿದು ವಾದಕ್ಕೆ ನಿಲ್ಲುವ ಪಾಲಕರು ಪ್ರತಿ ಸಭೆಯಲ್ಲೂ ಇರುತ್ತಾರೆ, ಅವರ ವಾದದಲ್ಲಿ ತಪ್ಪೂ ಇರುವುದಿಲ್ಲ. ಕೆಲಸ, ಕೃತಿ, ಊರು, ಇವು ಗಟ್ಟಿ ಸುಳಿವು.

ಶಿರಸಿ_ಅಕ್ಕೋರು:

ಎಲ್ಲರಿಗೂ ಧನ್ಯವಾದ, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಸದ್ಯಕ್ಕೆ ಶಿವರಾಮ, ಚಂದ್ರಶೇಖರ, ಜಯಂತ, ಗಂಗಾಧರ, ಉಷಾ, ಭೀಮಸೇನ, ಸುಬ್ಬಣ್ಣ, ರಾಮಕೃಷ್ಣ ಎಂದು ಎಂಟು ಗುರುತು ಹಾಕಿಕೊಂಡಿದ್ದೇನೆ. ಇನ್ನು ಮೂರು ಹೆಚ್ಚಿನವು ಬೇಕು. ಗಿರೀಶ ಹೇಗೆ? ಕಾರ್ನಾಡರು ಬಾಲ್ಯ ಕಳೆದದ್ದು ನಮ್ಮ ಶಿರಸಿಯಲ್ಲೇ. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ, ಅದನ್ನು ಬಳಸಬಹುದೇ? ಇಂಗ್ಲಿಷ್ ಪುಸ್ತಕ ಓದುವ ಮಕ್ಕಳಿಗೂ ಒಂದು ಇರಲಿ ಎನ್ನಿಸುತ್ತದೆ. ಚೆನ್ನಮ್ಮ ಎಂಬ ಹೆಸರನ್ನೂ ಒಬ್ಬರು ಸೂಚಿಸಿದ್ದಾರೆ.

ಕಾಳಿತೀರ_ಕಾರವಾರ:

ಗಿರೀಶ ಬೇಡ ಅಕ್ಕೋರೆ, ಶಿರಸಿಯಲ್ಲಂತೂ ಬೇಡ. ಕಾರ್ನಾಡ, ಕಾಸರವಳ್ಳಿ ಇಬ್ಬರೂ ಕನ್ನಡ ಸಿನಿಮಾ ನಿರ್ದೇಶಕರು, ಮೊದಲ ಸುಳಿವಿಗೇ ಎಂಟೂ ಚೀಟಿ ಬರುತ್ತದೆ. ಕಠಿಣ ಮಾಡಲು ಬಂಗಾಳಿ ನಾಟಕಕಾರ ಗಿರೀಶಚಂದ್ರ ಘೋಷರನ್ನು ಸೇರಿಸೋಣ ಎಂದರೆ ಅದು ಬೇರೆಯೇ ಕೂಡುಹೆಸರು. ಹೆಸರಿನ ಬಾಲದ ವಿಷಯದಲ್ಲಿ ಒಂದು ಗೆರೆ ಹಾಕಿಕೊಳ್ಳಿ. ರಾವ್, ಬಾಯಿ ಮರ್ಯಾದೆಗೆ ಸೇರಿದವು, ಬಿಡಬಹುದು. ಝಾನ್ಸಿಯ ಗಂಗಾಧರರಾವ್ ಗಂಗಾಧರನೇ. ಚಂದ್ರ, ನಾಥ, ಮೂರ್ತಿ ಹೆಸರಿನ ಅಂಗ, ಅವನ್ನು ಕತ್ತರಿಸಬಾರದು. ಅನಂತ್ ನಾಗ್ ಮತ್ತು ಅನಂತಮೂರ್ತಿ ಒಂದೇ ಉತ್ತರಕ್ಕೆ ಬರುವುದಿಲ್ಲ. ಕೊನೆಯ ಅಕ್ಷರಕ್ಕೆ ಜಯಂತ, ಜಯಂತ್ ಎಂದು ಹೇಗೆ ಬರೆದರೂ ಪೂರ್ಣ ಅಂಕ ಕೊಡಿ.

ಠಾಕೂರರಿಗೆ ಕಾರವಾರದ ನಂಟು ಬಂದದ್ದು ಅಣ್ಣನಿಂದ. ಸತ್ಯೇಂದ್ರನಾಥ ಠಾಕೂರರು ಐಸಿಎಸ್ ಪಾಸಾದ ಮೊದಲ ಭಾರತೀಯರು, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮ ಬಂದು ಉಳಿದದ್ದು ಅವರ ಮನೆಯಲ್ಲಿ. ಹಾಗಾಗಿ ರವೀಂದ್ರನಾಥಕ್ಕಿಂತ ಸತ್ಯೇಂದ್ರನಾಥ ಒಳ್ಳೆಯ ಪ್ರಶ್ನೆ. ಮೊದಲು ಬಂಗಾಳಿ ಕವಿ ದತ್ತ, ಎರಡನೆಯದು ಕಾರವಾರದ ನ್ಯಾಯಾಧೀಶರು, ಮೂರನೆಯದು ಐನ್‌ಸ್ಟೈನ್ ಜೊತೆ ಹೆಸರು ಕೂಡಿಕೊಂಡ ಭೌತವಿಜ್ಞಾನಿ ಬೋಸ್. ಬೋಸಾನ್ ಕಣಗಳಿಗೆ ಅವರದೇ ಹೆಸರು ಎಂದು ಸೇರಿಸಿದರೆ ಹತ್ತನೆಯ ತರಗತಿಯವರಿಗೆ ಸಿಗುತ್ತದೆ. ಇದನ್ನು ಅಂಕ ಸಮವಾದಾಗ ಕೇಳಲು ಇಡಿ, ಕಠಿಣ ಇದೆ.

ಇಂಗ್ಲಿಷ್ ಓದುವವರಿಗೆ ಪೀಟರ್: 1703ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಕಟ್ಟಲು ಶುರುಮಾಡಿದ ರಷ್ಯಾದ ದೊರೆ, 2012ರಲ್ಲಿ ಸರ್ನ್ ಪ್ರಯೋಗಾಲಯ ಪತ್ತೆಹಚ್ಚಿದ ಕಣವನ್ನು ದಶಕಗಳ ಮೊದಲೇ ಊಹಿಸಿದ ಹಿಗ್ಸ್, ಜೇಡ ಕಚ್ಚಿ ಸ್ಪೈಡರ್‌ಮ್ಯಾನ್ ಆದ ಪಾರ್ಕರ್. ಓದುವಾಗ ಮೊದಲನೆಯದರಲ್ಲಿ ಊರಿನ ಹೆಸರು ಹೇಳಬೇಡಿ, ಉತ್ತರ ಅದರೊಳಗೇ ಇದೆ. ‘ಬಾಲ್ಟಿಕ್ ಕಡಲಂಚಿನಲ್ಲಿ ಹೊಸ ರಾಜಧಾನಿ ಕಟ್ಟಿದವರು’ ಎನ್ನಿ. ಬ್ರೂಸ್ ಆರಿಸುವುದಾದರೆ ಬ್ಯಾಟ್‌ಮ್ಯಾನ್ ಆಗುವ ಬ್ರೂಸ್ ವೇನ್, ನಟ ಬ್ರೂಸ್ ಲೀ ಸರಿ. 1863ರಲ್ಲಿ ಮದ್ರಾಸಿನ ಬಳಿ ಆದಿಮಾನವರ ಕಲ್ಲಿನ ಹತ್ಯಾರ ಕಂಡುಹಿಡಿದ ರಾಬರ್ಟ್ ಬ್ರೂಸ್ ಫೂಟ್ ಸೇರುವುದಿಲ್ಲ, ಅವರ ಮೊದಲ ಹೆಸರು ರಾಬರ್ಟ್.

ಚೆನ್ನಮ್ಮನಿಗೆ ಕಥೆಯ ಕಂಬದಲ್ಲಿ ಹಾಕಲು ನನಗೆ ತಿಳಿದಂತೆ ಪ್ರಸಿದ್ಧ ಪಾತ್ರ ಯಾವುದೂ ಇಲ್ಲ. ಎರಡೇ ಸುಳಿವಿನ ಪ್ರಶ್ನೆ ಮಾಡಿ, ಅಂಕ 10 ಮತ್ತು 5. ಕೆಳದಿಯವರು, ಕಿತ್ತೂರಿನವರು ಇಬ್ಬರೂ ರಾಣಿಯರು, ಇಬ್ಬರೂ ದೊಡ್ಡ ಸೈನ್ಯವನ್ನು ಎದುರಿಸಿದವರು, ಇಬ್ಬರ ಹೆಸರಿನ ಮುಂದೂ ಊರಿದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಬರೆದು ಕೊಡುವ ತಂಡ ಖಂಡಿತ ಇರುತ್ತದೆ, ಅದು ಬೇರೆ ಹೆಸರು ಎಂದು ತೀರ್ಪುಗಾರರಿಗೆ ಮೊದಲೇ ತಿಳಿಸಿಡಿ. ಮೊದಲ ಸುಳಿವಾಗಿ ‘ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವರು’, ಎರಡನೆಯದಾಗಿ ‘1824ರ ಕಾಳಗದಲ್ಲಿ ಇವರ ಪಡೆಯ ಕೈಯಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತನು’ ಎಂದು ಓದಿ. ಕ್ರಮ ತಿರುವುಮುರುವು ಮಾಡಬೇಡಿ, ಕಿತ್ತೂರು ಮೊದಲು ಬಂದರೆ ಕೆಳದಿಯ ಸುಳಿವಿಗೆ ಕೆಲಸವೇ ಉಳಿಯುವುದಿಲ್ಲ.